ನಡುವಯಸ್ಸಿನ ಮುಖಸಂಸ್ಕಾರ

ಈ ಸಂವಾದದಲ್ಲಿ ಭಾಗಿಗಳಾದವರು ಇಬ್ಬರು. ಒಬ್ಬರು ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ತಗಡನ್ನು ಒತ್ತುವ ಡೈಗಳನ್ನು ತಿದ್ದಿತೀಡುತ್ತ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಹಿರಿಯರು. ಇನ್ನೊಬ್ಬನು ಅವರ ಸೋದರಳಿಯ, ವಾಹನವಿನ್ಯಾಸವನ್ನು ಅಭ್ಯಾಸಮಾಡುತ್ತಿರುವ ತರುಣ. ಮಾತಿಗೆ ವಿಷಯವಾದುದು ಬವೇರಿಯದ ಬಿಎಂಡಬ್ಲ್ಯು ಸಂಸ್ಥೆಯವರು 2001ರಲ್ಲಿ ಹೊರತಂದು 2005ರಲ್ಲಿ ಮುಖ ತಿದ್ದಿದ 7 ಸೀರೀಸ್ ಕಾರು.

ಅಳಿಯ — ಮಾವ, ಈ ಫೇಸ್‌ಲಿಫ್ಟ್ ಎಂಬ ವ್ಯವಹಾರದಲ್ಲಿ ನನಗೆ ಗೌರವ ಹುಟ್ಟುತ್ತಿಲ್ಲ. ಕಾರೊಂದು ಮಾರುಕಟ್ಟೆಗೆ ಬಂದು ಮೂರೋ ನಾಲ್ಕೋ ವರ್ಷಗಳಾಗುತ್ತಲೂ, ಅದರ ಒಡಲಿನಲ್ಲಿ ಮುಖ್ಯವಾದುದೇನೂ ಬದಲಾಗದಿದ್ದರೂ, ದೀಪದ ಗಾಜನ್ನೂ ಬಂಪರಿನ ಅಂಚನ್ನೂ ಮುಂದಿನ ಗ್ರಿಲ್ಲನ್ನೂ ಅಷ್ಟಿಷ್ಟು ತಿದ್ದಿ, ಹೊಸ ಅವತಾರವೆಂದು ಸಾರಿ, ಹಿಂದಿನ ವರ್ಷ ಅದನ್ನೇ ಕೊಂಡವನ ಮನಸ್ಸಿನಲ್ಲಿ ತನ್ನದು ಹಳತಾಯಿತೆಂಬ ಕೊರಗನ್ನು ಬಿತ್ತುವುದು — ಇದರಲ್ಲಿ ವಿನ್ಯಾಸಕಾರನ ಕಲೆಗಿಂತ ವರ್ತಕನ ಚಾತುರ್ಯವೇ ಹೆಚ್ಚಾಗಿ ಕಾಣುತ್ತದೆ.

ಮಾವ — ವರ್ತಕನ ಕೈ ಅದರಲ್ಲಿಲ್ಲವೆಂದು ನಾನು ಹೇಳಲಾರೆ. ಜರ್ಮನಿಯಲ್ಲಿ ಈ ದರ್ಜೆಯ ಕಾರುಗಳು ಹೆಚ್ಚಾಗಿ ಸಂಸ್ಥೆಗಳ ಹೆಸರಿನಲ್ಲಿ ನೋಂದಣಿಯಾಗಿ, ಲೀಸಿನ ಮೇಲೆ ಓಡಿ, ಮೂರು ವರ್ಷಗಳ ಆಸುಪಾಸಿನಲ್ಲಿ ಹಿಂದಿರುಗುತ್ತವೆ. ಹಾಗೆ ಹಿಂದಿರುಗಿಸಲು ಬಂದ ದೊಡ್ಡ ಅಧಿಕಾರಿಗೆ ಮಳಿಗೆಯಲ್ಲಿ ತನ್ನ ಹಳೆಯ ಕಾರೇ ಮತ್ತೆ ಎದುರಾಯಿತೆಂದರೆ ಅವನು ಸ್ಟುಟ್‌ಗಾರ್ಟಿನ ಮರ್ಸಿಡಿಸಿನವರ ಕಡೆಗೋ ಇಂಗೋಲ್‌ಸ್ಟಾಟಿನ ಆಡಿಯವರ ಕಡೆಗೋ ತಿರುಗಿಯಾನೆಂಬ ಭಯ ಮ್ಯೂನಿಕ್ಕಿನ ಬಿಎಂಡಬ್ಲ್ಯುದವರಿಗೆ ಇದ್ದೇ ಇರುತ್ತದೆ. ಮಾದರಿಯೊಂದರ ಆಯುಷ್ಯವೇ ಏಳೆಂಟು ವರ್ಷ; ಅದರ ನಡುಘಟ್ಟದಲ್ಲಿ ಮಾರಾಟ ಇಳಿಮುಖವಾಗುವುದೂ, ಹೊಗೆಯ ನಿಯಮಗಳು ಬಿಗಿಯಾಗುವುದೂ, ಎದುರಾಳಿಯ ಹೊಸ ಕಾರು ಬರುವುದೂ ಒಟ್ಟೊಟ್ಟಿಗೆ ಸಂಭವಿಸುತ್ತವೆ. ಆದರೆ ಕಾರಣವು ವ್ಯಾಪಾರದ್ದಾದ ಮಾತ್ರಕ್ಕೆ ಕಾರ್ಯವೂ ಕೀಳಾದುದೆಂದು ತೀರ್ಮಾನಿಸುವುದು ನ್ಯಾಯವಲ್ಲ. ಹೊಸ ಕಾರನ್ನು ಮೊದಲಿನಿಂದ ಬರೆಯುವವನಿಗೆ ಇರುವ ಸ್ವಾತಂತ್ರ್ಯದ ಹತ್ತರಲ್ಲೊಂದು ಪಾಲೂ ಇಲ್ಲದೆ, ಬೇರೊಬ್ಬರು ನಿಲ್ಲಿಸಿಹೋದ ರೂಪದೊಳಗೆ ದುಡಿಯಬೇಕಾದವನ ಕೆಲಸವನ್ನು ನೀನು ಹತ್ತಿರದಿಂದ ನೋಡಬೇಕು.

ಅಳಿಯ — ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅವನಿಗೆ ಗೊತ್ತುಮಾಡಿಕೊಡುವವರು ಯಾರು?

ಮಾವ — ಬಹುಮಟ್ಟಿಗೆ ಡೈಗಳೇ ಗೊತ್ತುಮಾಡುತ್ತವೆ. ಬಾಗಿಲಿನ ಹೊರತಗಡನ್ನೇ ತೆಗೆದುಕೊ. ದಪ್ಪ ಒಂದು ಮಿಲಿಮೀಟರಿಗೂ ಕಡಮೆ. ಮೊದಲನೆಯ ಪ್ರೆಸ್ಸು ಅದನ್ನು ಎಳೆದು ಆಕಾರಕ್ಕೆ ತರುತ್ತದೆ, ಮುಂದಿನದು ಹೆಚ್ಚಿನ ಅಂಚನ್ನು ಕತ್ತರಿಸುತ್ತದೆ, ಇನ್ನೊಂದು ತೂತು ಹಾಕುತ್ತದೆ, ಮತ್ತೊಂದು ಅಂಚನ್ನು ಮಡಿಸುತ್ತದೆ; ಒಂದೊಂದು ಹಂತಕ್ಕೂ ಹಲವು ಟನ್ ತೂಗುವ ಎರಕದ ಡೈ ಬೇಕು. ಒತ್ತಡ ಸಡಿಲವಾದೊಡನೆ ತಗಡು ತನ್ನ ಮೊದಲಿನ ಚಪ್ಪಟೆತನದ ಕಡೆಗೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ; ಎಷ್ಟು ಸರಿದೀತೆಂಬುದನ್ನು ಮುಂಗಂಡು ಡೈಯನ್ನು ಅಷ್ಟೇ ಹೆಚ್ಚಾಗಿ ಬಾಗಿಸಿರಬೇಕು. ಮೇಲಿನ ಡೈಯೂ ಕೆಳಗಿನ ಡೈಯೂ ಸಮನಾಗಿ ಕೂಡುವುವೋ ಇಲ್ಲವೋ ನೋಡುವುದಕ್ಕೆ ನಾವು ಒಂದರ ಮೇಲೆ ನೀಲಿಯನ್ನು ತೆಳ್ಳಗೆ ಸವರಿ ಒತ್ತುತ್ತಿದ್ದೆವು. ನೀಲಿ ಹತ್ತಿದ ಕಡೆ ಉಬ್ಬಿದೆ, ಹತ್ತದ ಕಡೆ ತಗ್ಗಿದೆ. ಉಬ್ಬನ್ನು ಕೈಯಿಂದ ಉಜ್ಜುವುದು, ಮತ್ತೆ ನೀಲಿ ಸವರುವುದು, ಮತ್ತೆ ಒತ್ತುವುದು. ಅಷ್ಟಾದ ಮೇಲೆ ಹೊರಬಂದ ತಗಡು ಕಣ್ಣಿಗೆ ಕನ್ನಡಿಯಂತೆ ತೋರಿದರೂ ಫಿಟ್ಟರು ಅದನ್ನು ನಂಬುವುದಿಲ್ಲ. ಎಣ್ಣೆಕಲ್ಲನ್ನು ಹಗುರವಾಗಿ ಮೇಲೆ ಎಳೆಯುತ್ತಾನೆ, ಕಲ್ಲು ಉಜ್ಜಿದ ಕಡೆಯೆಲ್ಲ ಬೆಳ್ಳಗೆ ಗೀರು ಬಿದ್ದು, ತಗ್ಗಿರುವ ಜಾಗ ಮಾತ್ರ ಗೀರಿಲ್ಲದೆ ಮಬ್ಬಾಗಿ ಉಳಿದು ಸಿಕ್ಕಿಬೀಳುತ್ತದೆ. ಇಂತಹ ಪರಿಶ್ರಮದಿಂದ ಸಿದ್ಧವಾದ ಡೈಗಳನ್ನು ಮೂರು ವರ್ಷಕ್ಕೆ ಮೂಲೆಗೆ ತಳ್ಳಲು ಯಾವ ಕಾರ್ಖಾನೆಯೂ ಒಪ್ಪಲಾರದು. ಅದರ ಮೇಲೆ, ಮಾಡು, ಮಾಡನ್ನು ಹೊತ್ತ ಕಂಬಗಳು, ಬಾಗಿಲು, ನೆಲ ಇವು ಒಂದಕ್ಕೊಂದು ಹೊಂದಿ ಅಪಘಾತದಲ್ಲಿ ಒಳಗಿನವರ ಪ್ರಾಣವನ್ನು ಕಾಯುವ ಗೂಡು. ಅವುಗಳಲ್ಲಿ ಒಂದನ್ನು ಅಲುಗಿಸಿದರೆ ಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕು.

ಅಳಿಯ — ಹಾಗಾದರೆ ಅವನ ಪಾಲಿಗೆ ಉಳಿಯುವುದು ಎರಡು ತುದಿಗಳು.

ಮಾವ — ತುದಿಗಳೇ. ಪ್ಲಾಸ್ಟಿಕ್ಕಿನ ಬಂಪರು, ಹೊರಗಿನಿಂದ ಮಾಡಿಸಿ ತರುವ ದೀಪ, ಗ್ರಿಲ್ಲು, ಬೋಲ್ಟು ಬಿಚ್ಚಿ ತೆಗೆಯಬಹುದಾದ ಬಾನೆಟ್ಟು ಮತ್ತು ಡಿಕ್ಕಿಯ ಮುಚ್ಚಳ. ಕಂಬವನ್ನೂ ತೊಲೆಯನ್ನೂ ಮುಟ್ಟದೆ ಹಳೆಯ ತೊಟ್ಟಿಮನೆಗೆ ಹೊಸ ಜಗುಲಿಯನ್ನೂ ಹಿತ್ತಿಲ ಚಾವಡಿಯನ್ನೂ ಕಟ್ಟಿಸುವ ಮೇಸ್ತ್ರಿಗೆ ಬರುವ ಕಷ್ಟವೇ ಇಲ್ಲಿಯೂ ಬರುತ್ತದೆ: ಹೊಸದು ಚೆನ್ನಾಗಿದ್ದರೆ ಸಾಲದು, ನಡುವೆ ನಿಂತಿರುವ ಹಳೆಯದರೊಡನೆ ಅದು ಒಂದೇ ಮನೆಯಾಗಬೇಕು. ಆದುದರಿಂದಲೇ ಮುಖ ತಿದ್ದಿದ ಕಾರನ್ನು ನಾನು ಮುಖದಿಂದ ನೋಡಲು ಮೊದಲುಮಾಡುವುದಿಲ್ಲ. ಪಕ್ಕದಲ್ಲಿ ನಿಂತು, ಬದಲಾಗದ ಬಾಗಿಲಿನ ಗೆರೆಯನ್ನು ಮುಂದಕ್ಕೂ ಹಿಂದಕ್ಕೂ ಹಿಂಬಾಲಿಸಿ, ಅದು ಎಲ್ಲಿ ಕಡಿದುಹೋಗುತ್ತದೆಂದು ನೋಡುತ್ತೇನೆ.

ಅಳಿಯ — ಆ ನೋಟದಿಂದ ನೋಡಿದರೆ 7 ಸೀರೀಸಿನ ಕಥೆ ನನ್ನ ವಾದಕ್ಕೇ ಒದಗುತ್ತದೆ. 2001ರಲ್ಲಿ ಅದು ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ ಬಂದಾಗ ಆ ಸಂಸ್ಥೆಯ ವಿನ್ಯಾಸಮುಖ್ಯನಾಗಿದ್ದವನು ಅಮೆರಿಕದ ಕ್ರಿಸ್ ಬ್ಯಾಂಗಲ್. ಹೊರರೂಪವನ್ನು ಬರೆದವನು ಡಚ್ಚನಾದ ಏಡ್ರಿಯನ್ ವಾನ್ ಹೋಯ್‌ಡಾಂಕ್. ಹಿಂದಿನ 7 ಸೀರೀಸು, ತಗ್ಗಾಗಿ ನೀಳವಾಗಿ ಚಾಚಿಕೊಂಡ ಸುಂದರ ಕಾರು, ಎಲ್ಲರ ಮೆಚ್ಚುಗೆ ಪಡೆದಿತ್ತು. ಇವರು ಅದರ ದಾರಿಯನ್ನು ಬಿಟ್ಟು, ಕುಳಿತುಕೊಳ್ಳುವವರ ಅನುಕೂಲಕ್ಕಾಗಿ ಕಾರನ್ನು 50 ಮಿಲಿಮೀಟರಿಗೂ ಮಿಕ್ಕು ಎತ್ತರಿಸಿದರು. ಮಾಡು ಎತ್ತರವಾದಾಗ ಹಿಂಭಾಗವೂ ಎತ್ತರವಾಗದಿದ್ದರೆ ಪ್ರಮಾಣ ಕೆಡುತ್ತದೆ, ಗಾಳಿಯ ಹರಿವೂ ಕೆಡುತ್ತದೆ. ಆದುದರಿಂದ ಡಿಕ್ಕಿಯ ಮುಚ್ಚಳವನ್ನು ಮೇಲೆತ್ತಿ, ಹಿಂದಿನ ಮಡ್‌ಗಾರ್ಡುಗಳ ಮೇಲೆ ಪ್ರತ್ಯೇಕವಾಗಿ ಕುಳ್ಳಿರಿಸಿದ ಹಾಗೆ ಮಾಡಿದರು. ಮುಂದಿನ ದೀಪಗಳ ಮೇಲೆ ಇಂಡಿಕೇಟರನ್ನು ಹುಬ್ಬಿನಂತೆ ಇಟ್ಟರು. ಲೋಕ ಕೆರಳಿತು. ಬ್ಯಾಂಗಲನನ್ನು ಕೆಲಸದಿಂದ ತೆಗೆಯಬೇಕೆಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಆದರೂ ಆ ಕಾರು ಹಿಂದಿನದಕ್ಕಿಂತ ಹೆಚ್ಚೇ ಮಾರಾಟವಾಯಿತಲ್ಲವೆ? ಹೀಗಿರುವಲ್ಲಿ 2005ರಲ್ಲಿ ಹುಬ್ಬನ್ನು ಅಳಿಸಿ, ಗ್ರಿಲ್ಲನ್ನು ಹಿಗ್ಗಿಸಿ, ಮುಚ್ಚಳದ ಅಂಚುಗಳನ್ನು ಮೃದುಮಾಡಿ, ಹಿಂದಿನ ದೀಪಗಳನ್ನು ಬೇರೆಮಾಡಿದುದು ಏನು? ಒಂದು ದೊಡ್ಡ ವಿಚಾರವನ್ನು ಧೈರ್ಯವಾಗಿ ಮುಂದಿಟ್ಟವರು ಗದ್ದಲಕ್ಕೆ ಅಂಜಿ ಅದನ್ನು ಅರ್ಧಕ್ಕೆ ಹಿಂದೆಗೆದುಕೊಂಡಂತಾಗಲಿಲ್ಲವೆ?

ಮಾವ — ನೀನು ಹೇಳಿದ ವಿಚಾರ ದೊಡ್ಡದೆಂಬುದನ್ನು ನಾನೂ ಒಪ್ಪುತ್ತೇನೆ. ಕಾರನ್ನು ಎತ್ತರಿಸಿದುದು ಸರಿಯಾದ ನಿರ್ಣಯ, ಈಚಿನ ದೊಡ್ಡ ಸೆಡಾನುಗಳೆಲ್ಲ ಆ ದಾರಿಯನ್ನೇ ಹಿಡಿದಿವೆ. ಆದರೆ ವಿಚಾರ ಬೇರೆ, ಅದು ತಗಡಿನಲ್ಲಿ ಇಳಿದುಬಂದ ರೀತಿ ಬೇರೆ. 2001ರ ಕಾರಿನ ಪಕ್ಕದಲ್ಲಿ ನಿಂತು ಬಾಗಿಲಿನ ಭುಜದ ಗೆರೆಯನ್ನು ಹಿಂದಕ್ಕೆ ಹಿಂಬಾಲಿಸು. ಅದು ಮಡ್‌ಗಾರ್ಡಿನ ಮೇಲೆ ಸಾಗಿ ದೀಪದ ಕಡೆ ಇಳಿಯುವಾಗ ಮುಚ್ಚಳದ ಅಂಚು ಅದಕ್ಕೆ ಸಂಬಂಧವೇ ಇಲ್ಲದಂತೆ ಮೇಲೆ ಚಾಚಿ ನಿಲ್ಲುತ್ತದೆ. ನೋಡುವವನ ಕಣ್ಣು ಅಲ್ಲಿ ಎಡವುತ್ತದೆ. ಜನ ಕೆರಳಿದುದು ಹೊಸತನಕ್ಕೆಂದು ನೀನು ಭಾವಿಸುತ್ತೀಯೆ. ನನಗೆ ತೋರುವಂತೆ ಅವರಲ್ಲಿ ಅನೇಕರು ಆ ಎಡವಿಗೆ ಕೆರಳಿದರು, ಕಾರಣವನ್ನು ಹೇಳಲು ಮಾತ್ರ ಅವರಿಂದಾಗಲಿಲ್ಲ. 2005ರಲ್ಲಿ ಮಾಡಿನ ಎತ್ತರವನ್ನು ತಗ್ಗಿಸಲಿಲ್ಲ, ಬಾಗಿಲುಗಳನ್ನು ಮುಟ್ಟಲಿಲ್ಲ, ಮುಚ್ಚಳ ಈಗಲೂ ಎತ್ತರದಲ್ಲಿಯೇ ಇದೆ. ಅದರ ಅಂಚುಗಳು ಮಾತ್ರ ಕೆಳಗಿನ ಗೆರೆಗೆ ಕಿವಿಗೊಟ್ಟವು. ಮೂಲ ಉಳಿಯಿತು, ಒರಟು ಹೋಯಿತು. ಇದನ್ನು ಹಿಂದೆಗೆದುಕೊಂಡುದು ಎಂದು ನಾನು ಕರೆಯಲಾರೆ.

ಅಳಿಯ — ಎಂಜಿನ್ನಿನ ಮಾತು?

ಮಾವ — ಅದು ದಾರಿಯಲ್ಲಿ ಹೋಗುತ್ತ ಹೇಳಬಹುದಾದುದು. 745ಐ ಎಂಬುದರ 4.4 ಲೀಟರಿನ ವಿ8 ಹೋಗಿ, 750ಐ ಎಂಬ ಹೆಸರಿನೊಡನೆ 4.8 ಲೀಟರು ಬಂದಿತು. ಬಲ 333ರಿಂದ 367 ಅಶ್ವಶಕ್ತಿಗೆ ಏರಿತು. ಗೇರು ಪೆಟ್ಟಿಗೆಗೆ ಏನೂ ಆಗಬೇಕಾಗಿರಲಿಲ್ಲ. ಆರು ಗೇರುಗಳ ಆಟೊಮ್ಯಾಟಿಕ್ಕನ್ನು ಜಗತ್ತಿನಲ್ಲಿ ಮೊದಲು ಹೊತ್ತು ಬಂದ ಕಾರೇ ಅದು. ನನಗೆ ಇವೆಲ್ಲಕ್ಕಿಂತ ಮಹತ್ತ್ವದ್ದಾಗಿ ತೋರುವುದು ಒಳಗಿನ ಐಡ್ರೈವ್ ಗುಂಡಿ. ಮುಂಗಡೆಯ ಆಸನಗಳ ನಡುವೆ ಒಂದೇ ಗುಂಡಿ. ಅದನ್ನು ತಿರುವಿ, ಒತ್ತಿ, ಎಂಟು ದಿಕ್ಕಿಗೆ ನೂಕಿ, ರೇಡಿಯೋ, ಫೋನು, ದಾರಿ ತೋರುವ ನಕ್ಷೆ, ತಂಪು, ಎಲ್ಲವನ್ನೂ ಆಳಬೇಕು. ಬೇಕಾದುದು ಪರದೆಯ ಯಾವ ಪದರದಲ್ಲಿ ಅಡಗಿದೆಯೆಂದು ಹುಡುಕುವಷ್ಟರಲ್ಲಿ ಕಾರು ಎಷ್ಟೋ ದೂರ ಓಡಿರುತ್ತಿತ್ತು. ಆ ಗುಂಡಿಯನ್ನು ಕುರಿತ ಟೀಕೆ ಡಿಕ್ಕಿಯನ್ನು ಕುರಿತ ಟೀಕೆಗಿಂತ ನ್ಯಾಯವಾಗಿತ್ತು, ಏಕೆಂದರೆ ಡಿಕ್ಕಿಯು ನೋಡುವವನಿಗೆ ಬೇಸರ, ಗುಂಡಿಯು ಓಡಿಸುವವನಿಗೆ ಅಪಾಯ. ಅದನ್ನು ಅವರು ಹಂತಹಂತವಾಗಿ ಸರಳಮಾಡುತ್ತ ಬಂದರು. 2008ರ ಮುಂದಿನ ತಲೆಮಾರಿನಲ್ಲಿ ಗುಂಡಿಯ ಸುತ್ತ ನೇರವಾಗಿ ಒತ್ತುವ ಕೀಲಿಗಳು ಬಂದ ಮೇಲೆ ಅದು ಹದಕ್ಕೆ ಬಂದಿತು.

ಅಳಿಯ — ಅಂದರೆ ಒಳ್ಳೆಯ ಮುಖಸಂಸ್ಕಾರಕ್ಕೆ ತಾವು ಕೊಡುವ ಉದಾಹರಣೆ ಇದೇ ಏನು?

ಮಾವ — ಅಲ್ಲ. ನನ್ನ ಮನಸ್ಸಿಗೆ ಪೂರ್ತಿಯಾಗಿ ಒಪ್ಪಿದುದು ಸ್ಟುಟ್‌ಗಾರ್ಟಿನವರ ಡಬ್ಲ್ಯು126, 1979ರಲ್ಲಿ ಬಂದು 1985ರಲ್ಲಿ ಸಂಸ್ಕಾರ ಪಡೆದ ಮರ್ಸಿಡಿಸ್ ಎಸ್ ಕ್ಲಾಸು. ಆ ಕಾಲಕ್ಕೆ ಅಲ್ಲಿ ವಿನ್ಯಾಸದ ಮುಖ್ಯರಾಗಿದ್ದವರು ಇಟಲಿಯ ಉದಿನೆಯಲ್ಲಿ ಹುಟ್ಟಿದ ಬ್ರೂನೋ ಸಾಕೋ. ಅವರು ಎರಡು ನಿಯಮಗಳನ್ನು ಪಾಲಿಸುತ್ತಿದ್ದರು: ಒಂದೇ ಕಾಲದಲ್ಲಿ ಮಾರಾಟವಾಗುವ ಸಣ್ಣ ದೊಡ್ಡ ಮಾದರಿಗಳೆಲ್ಲ ಒಂದೇ ಮನೆಯವೆಂದು ಕಾಣಬೇಕು, ಮತ್ತು ಹೊಸದಾಗಿ ಬಂದ ಮಾದರಿ ಅದರ ಹಿಂದಿನದನ್ನು ಒಮ್ಮೆಗೇ ಹಳತುಮಾಡಬಾರದು. ನೀನು ಮೊದಲು ಹೇಳಿದೆಯಲ್ಲ, ಕೊಂಡವನ ಮನಸ್ಸಿನ ಕೊರಗು. ಆ ಎರಡನೆಯ ನಿಯಮ ಅದಕ್ಕೆ ನೇರವಾದ ಉತ್ತರ.

ಅಳಿಯ — 1985ರಲ್ಲಿ ಏನೇನು ಬದಲಾಯಿತು?

ಮಾವ — ಕಣ್ಣಿಗೆ ಬೀಳುವುದು ಸ್ವಲ್ಪವೇ. ಕಾರಿನ ಪಕ್ಕೆಯ ಕೆಳಭಾಗಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಫಲಕಗಳಲ್ಲಿ ಮೊದಲು ಉದ್ದುದ್ದ ಏಣುಗಳಿದ್ದವು. ಅವು ಹೋಗಿ ಫಲಕ ನುಣುಪಾಯಿತು. ಬಂಪರು ಇನ್ನಷ್ಟು ಕೆಳಕ್ಕೆ ಇಳಿಯಿತು. ಚಕ್ರಗಳು 14 ಅಂಗುಲದಿಂದ 15 ಅಂಗುಲಕ್ಕೆ ಬೆಳೆದು, ದೊಡ್ಡ ಬ್ರೇಕುಗಳಿಗೆ ಎಡೆಮಾಡಿದವು. ಗ್ರಿಲ್ಲು ಹಾಗೆಯೇ, ದೀಪ ಹಾಗೆಯೇ, ಬಾಗಿಲು ಹಾಗೆಯೇ. ದಾರಿಹೋಕನು ಎರಡನ್ನೂ ಒಂದೇ ಕಾರೆಂದು ತಿಳಿದರೆ ಅಲ್ಲಿಯವರಿಗೆ ಅವಮಾನವೆನಿಸುತ್ತಿರಲಿಲ್ಲ. ನಿಜವಾದ ಬದಲಾವಣೆ ಬಾನೆಟ್ಟಿನ ಕೆಳಗಿತ್ತು. ಆ ವರ್ಷಗಳಲ್ಲಿ ಪಶ್ಚಿಮ ಜರ್ಮನಿಯಲ್ಲಿ ಕಾಡು ಸಾಯುತ್ತಿದೆಯೆಂಬ ಆತಂಕ ದೇಶವನ್ನೆಲ್ಲ ವ್ಯಾಪಿಸಿತ್ತು. ಹೊಗೆಯಿಂದ ಹುಟ್ಟಿದ ಆಮ್ಲ ಮಳೆಯೊಡನೆ ಇಳಿದು ಕಪ್ಪರಣ್ಯದ ಮರಗಳನ್ನು ಒಣಗಿಸುತ್ತಿದೆಯೆಂದು ಜನ ಸರ್ಕಾರವನ್ನು ಕೇಳುತ್ತಿದ್ದರು. ಅದಕ್ಕೆ ಉತ್ತರವಾಗಿ ಹೊಗೆನಳಿಗೆಯಲ್ಲಿ ವೇಗವರ್ಧಕವನ್ನು, ನಮ್ಮ ಮೆಕ್ಯಾನಿಕ್ಕುಗಳು ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುವುದನ್ನು, ಇಡಬೇಕಾಯಿತು. ಅದಕ್ಕೆ ಸೀಸವಿಲ್ಲದ ಪೆಟ್ರೋಲೇ ಬೇಕು. ಆ ಪೆಟ್ರೋಲು ಎಲ್ಲ ಬಂಕುಗಳಲ್ಲಿಯೂ ಆಗ ಸಿಕ್ಕುತ್ತಿರಲಿಲ್ಲ. ಅವರು ಏನು ಮಾಡಿದರು ಗೊತ್ತೆ? ವೇಗವರ್ಧಕ ಇಲ್ಲದೆಯೇ, ಆದರೆ ಮುಂದೆ ಬೇಕಾದಾಗ ಅದನ್ನು ಕೂಡಿಸಿಕೊಳ್ಳಲು ಅಣಿಯಾಗಿರುವಂತೆ ಕಟ್ಟಿದ ಕಾರನ್ನೂ ಕೊಟ್ಟರು. ಕೊಳ್ಳುವವನ ಇಂದಿನ ಕಷ್ಟವನ್ನೂ ನಾಳೆಯ ಕರ್ತವ್ಯವನ್ನೂ ಒಟ್ಟಿಗೆ ಎಣಿಸಿದ ಸಂಸ್ಕಾರವದು. 1991ರ ವರೆಗೆ ಆ ಸೆಡಾನು ಎಂಟು ಲಕ್ಷಕ್ಕೂ ಮಿಕ್ಕು ತಯಾರಾಯಿತು. ಆರು ವರ್ಷದ ಹಿಂದಿನದನ್ನು ಇಟ್ಟುಕೊಂಡವನು ಹೊಸದರ ಪಕ್ಕದಲ್ಲಿ ತಲೆತಗ್ಗಿಸಿ ನಿಲ್ಲಿಸಬೇಕಾಗಲಿಲ್ಲ.

ಅಳಿಯ — ಹಾಗಿದ್ದರೂ ಎಲ್ಲ ಸಂಸ್ಕಾರಗಳ ಒಳಗೂ ಅಂತಹ ತಿರುಳಿರುವುದಿಲ್ಲವಷ್ಟೆ.

ಮಾವ — ಇರುವುದಿಲ್ಲ. ಇರುವಲ್ಲಿ ಅದು ಹೊರಗೆ ಕಾಣುವುದೂ ಇಲ್ಲ. 2002ರಲ್ಲಿ ಡಬ್ಲ್ಯು220 ಎಸ್ ಕ್ಲಾಸಿನ ಮುಖವನ್ನು ಕೊಂಚ ತಿದ್ದಿದರು. ದೀಪದ ಗಾಜನ್ನು ನೋಡಿದವರಿಗೆ ಅದಷ್ಟೇ ಕಂಡಿತು. ಆದರೆ ಪ್ರಿ-ಸೇಫ್ ಎಂಬ ವ್ಯವಸ್ಥೆ ಮೊದಲು ಬಂದುದು ಆ ತಿದ್ದುಪಡಿಯೊಡನೆ: ಕಾರು ಜಾರಲು ತೊಡಗಿದುದನ್ನು ಮುಂಚಿತವಾಗಿ ಅರಿತು, ಡಿಕ್ಕಿ ಹೊಡೆಯುವುದಕ್ಕೆ ಮೊದಲೇ ಸೀಟಿನ ಪಟ್ಟಿಯನ್ನು ಬಿಗಿದು, ಒರಗಿದ ಆಸನವನ್ನು ನೆಟ್ಟಗೆಮಾಡಿ, ಮೇಲಿನ ಕಿಂಡಿಯನ್ನು ಮುಚ್ಚುವುದು. ಇನ್ನು 2006ರ ಇ ಕ್ಲಾಸನ್ನು ನೋಡು. 2002ರಲ್ಲಿ ಆ ಕಾರಿಗೆ ವಿದ್ಯುನ್ಮಾನದ ಬ್ರೇಕನ್ನು ಹೂಡಿದ್ದರು. ಪೆಡಲ್ಲನ್ನು ತುಳಿದರೆ ಕಾಲಿನ ಬಲ ಎಂದಿನಂತೆ ನೇರವಾಗಿ ಚಕ್ರಕ್ಕೆ ಹೋಗದೆ ಯಂತ್ರದ ಲೆಕ್ಕಾಚಾರದ ಮೂಲಕ ಹೋಗುತ್ತಿತ್ತು. 2004ರಲ್ಲಿಯೂ 2005ರಲ್ಲಿಯೂ ಆ ಕಾರುಗಳನ್ನು ಪರಿಶೀಲನೆಗೆ ಹಿಂದಕ್ಕೆ ಕರೆಯಬೇಕಾಯಿತು. ನಡುವಯಸ್ಸಿನ ತಿದ್ದುಪಡಿ ಬಂದಾಗ ಅವರು ಆ ವ್ಯವಸ್ಥೆಯನ್ನೇ ತೆಗೆದು ಹಿಂದಿನ ಹೈಡ್ರಾಲಿಕ್ ಬ್ರೇಕಿಗೆ ಮರಳಿದರು. ತಾನು ಮುಂದಿಟ್ಟ ಹೆಜ್ಜೆಯನ್ನು ಎಲ್ಲರೆದುರಿಗೆ ಹಿಂದಿಡುವುದಕ್ಕೆ ತಯಾರಕನಿಗೆ ಅವಕಾಶ ದೊರೆಯುವುದು ಆ ಒಂದು ಘಟ್ಟದಲ್ಲಿ. ನೀನು ವರ್ತಕನ ಚಾತುರ್ಯವೆಂದು ತಳ್ಳಿಹಾಕಿದ ಕಾಲವದು.

ಅಳಿಯ — ಬ್ರೇಕಿನ ವಿಷಯದಲ್ಲಿ ತಾವು ಹೇಳುವುದಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಈ ಕೆಲಸದ ಒಂದಂಶ ನಮ್ಮ ಊರಿನಲ್ಲಿಯೇ ನಡೆಯುತ್ತದೆಂಬುದನ್ನೂ ಬಲ್ಲೆ. ಮರ್ಸಿಡಿಸಿನವರ ಸಂಶೋಧನಾಕೇಂದ್ರ ಬೆಂಗಳೂರಿನಲ್ಲಿ 1996ರಿಂದ ಇದೆ, ಅಲ್ಲಿಯ ಎಂಜಿನಿಯರುಗಳು ಗಣಕದ ಮೇಲೆ ಕಾರನ್ನು ಗೋಡೆಗೆ ಡಿಕ್ಕಿ ಹೊಡೆಸಿ ಲೆಕ್ಕ ಹಾಕುತ್ತಾರೆ. ಆದರೆ ಈಚಿನ ಸಂಸ್ಕಾರಗಳನ್ನು ತಾವು ಸಮರ್ಥಿಸುವಿರಾ? 2019ರಲ್ಲಿ 7 ಸೀರೀಸಿನ ಗ್ರಿಲ್ಲನ್ನು ಒಮ್ಮೆಗೇ ನೂರಕ್ಕೆ 40ರಷ್ಟು ಹಿಗ್ಗಿಸಿದರು.

ಮಾವ — ಅದನ್ನು ನಾನು ಸಮರ್ಥಿಸುವುದಿಲ್ಲ. ಆ ಕಾರಿಗೆ ಅತ್ಯಂತ ದೊಡ್ಡ ಮಾರುಕಟ್ಟೆ ಚೀನ; ಅಲ್ಲಿಯ ಶ್ರೀಮಂತರಿಗೆ ಗಾಂಭೀರ್ಯ ಎದ್ದುಕಾಣಬೇಕೆಂದು ಅವರು ಎಣಿಸಿರಬಹುದು, ಅದು ಅವರ ವಿವೇಚನೆ. ನನ್ನ ಆಕ್ಷೇಪ ಗಾತ್ರಕ್ಕಲ್ಲ. ಮೂಗನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರು, ಬಾನೆಟ್ಟಿನ ಮುಂದಂಚು 50 ಮಿಲಿಮೀಟರ್ ಮೇಲೇರಿತು. ಬಾಗಿಲುಗಳೋ 2015ರಲ್ಲಿ ತಗ್ಗಾದ, ಸಾವಧಾನವಾದ ಮುಖವೊಂದಕ್ಕಾಗಿ ಬರೆದವು. ಬಾಗಿಲಿನ ಗೆರೆ ಮುಂದಕ್ಕೆ ಮೆಲ್ಲಗೆ ಇಳಿಯಹೊರಟರೆ ಮೂಗು ಅದನ್ನು ತಡೆದು ನಿಲ್ಲಿಸುತ್ತದೆ. 2001ರಲ್ಲಿ ಹಿಂಭಾಗದಲ್ಲಿ ಆದ ತಪ್ಪು ಹದಿನೆಂಟು ವರ್ಷಗಳ ಮೇಲೆ ಮುಂಭಾಗದಲ್ಲಿ ಆಯಿತು. ಇದು ನನಗೆ ನಿಜವಾಗಿಯೂ ನೋವು ತರುವ ಸಂಗತಿ, ಏಕೆಂದರೆ ಆ ಕಾರು ತಯಾರಾದ ಡಿಂಗೋಲ್ಫಿಂಗಿನ ಕಾರ್ಖಾನೆಯಲ್ಲಿ ತಗಡನ್ನು ಒತ್ತುವವರ ಕೈಗೆಲಸ ಮಾತ್ರ ಆಗಲೂ ನಿರ್ದುಷ್ಟವಾಗಿತ್ತು.

ಅಳಿಯ — ಮಾವ, ನಾನು ಕೊನೆಗೆಂದು ಉಳಿಸಿಕೊಂಡಿದ್ದ ಒಂದು ಮಾತಿದೆ. ಬಿಎಂಡಬ್ಲ್ಯುದವರು ಮುಚ್ಚಳವನ್ನು ಮೃದುಮಾಡಿದ 2005ರಲ್ಲಿಯೇ, ಸೆಪ್ಟೆಂಬರಿನ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ, ಮರ್ಸಿಡಿಸಿನವರು ಹೊಸ ಎಸ್ ಕ್ಲಾಸನ್ನು ತಂದರು. ಅದರ ಹಿಂಭಾಗವನ್ನು ನೋಡಿದವರೆಲ್ಲ ಬ್ಯಾಂಗಲನ ಹೆಸರನ್ನೇ ಎತ್ತಿದರು: ಎತ್ತರಿಸಿದ ಮುಚ್ಚಳ, ಎರಡು ಕಡೆಯ ಮಡ್‌ಗಾರ್ಡುಗಳಿಂದ ಬೇರೆಯಾಗಿ ಮೇಲೆದ್ದುದು. ಒಬ್ಬರು ನಾಚಿ ತಿದ್ದಿಕೊಂಡುದನ್ನು ಇನ್ನೊಬ್ಬರು ಅದೇ ವರ್ಷ ಎತ್ತಿಕೊಂಡರು. ಮೊದಲನೆಯ ರೂಪವೇ ಸರಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಮಾವ — ವಿಚಾರ ಸರಿಯಾಗಿತ್ತೆಂಬುದಕ್ಕೆ ಸಾಕ್ಷ್ಯ. ಅದನ್ನು ನಾನು ಮೊದಲೇ ಒಪ್ಪಿದ್ದೇನೆ. ಆದರೆ ಸ್ಟುಟ್‌ಗಾರ್ಟಿನವರು ಹೊಸ ಕಾರನ್ನೇ ಬರೆಯುತ್ತಿದ್ದರೆಂಬುದನ್ನು ಮರೆಯಬೇಡ. ಮುಚ್ಚಳವನ್ನು ಎತ್ತುವುದೆಂದು ಗೊತ್ತಾದ ಮೇಲೆ ಅದಕ್ಕೆ ತಕ್ಕಂತೆ ಚಕ್ರದ ಮೇಲಿನ ಕಮಾನನ್ನು ಉಬ್ಬಿಸಿ, ಮಡ್‌ಗಾರ್ಡನ್ನೂ ಮುಚ್ಚಳವನ್ನೂ ಒಟ್ಟಿಗೆ ರೂಪಿಸುವ ಅವಕಾಶ ಅವರಿಗಿತ್ತು. ಬವೇರಿಯದವರ ಕೈಯಲ್ಲಿ 2005ರಲ್ಲಿ ಇದ್ದುದು ಮುಚ್ಚಳ ಮಾತ್ರ. ತನಗಾಗಿ ಮಾಡದ ಮಡ್‌ಗಾರ್ಡಿನ ಮೇಲೆ ಅದನ್ನು ಹೊಂದಿಸಬೇಕಾಗಿತ್ತು. ಎಷ್ಟು ಹೊಂದಿಸಬಹುದೋ ಅಷ್ಟು ಹೊಂದಿಸಿದರು.

ಅಳಿಯ — ಹಾಗಾದರೆ ಪೂರ್ಣವಾದ ಉತ್ತರ ಅವರಿಗೆ ದೊರೆತುದು 2008ರಲ್ಲಿ, ಮಡ್‌ಗಾರ್ಡೂ ಮುಚ್ಚಳವೂ ಒಟ್ಟಿಗೆ ಹೊಸದಾದಾಗ ಎನ್ನಬೇಕು. ಆ ವೇಳೆಗೆ ಸೌಮ್ಯವಾದ ರೂಪವನ್ನೇ ಆರಿಸಿಕೊಂಡರಲ್ಲ!

ಮಾವ — ಆರಿಸಿಕೊಂಡರು, ಮತ್ತು ಆ ಕಾರು ನೋಡಲು ಚೆನ್ನಾಗಿಯೇ ಇತ್ತು. ಮರುವರ್ಷ ಬ್ಯಾಂಗಲ್ ಆ ಸಂಸ್ಥೆಯನ್ನು ಬಿಟ್ಟ ಮೇಲೆ ಅವನ ಸ್ಥಾನಕ್ಕೆ ಬಂದವನು ಆ ಮೊದಲ ರೂಪವನ್ನು ಬರೆದಿದ್ದ ವಾನ್ ಹೋಯ್‌ಡಾಂಕನೇ. ಈ ವಿಷಯದಲ್ಲಿ ನಿನ್ನೊಡನೆ ನನಗೆ ಭಿನ್ನಾಭಿಪ್ರಾಯ ಕಡಮೆ: 2001ರ ಎತ್ತರದ ಮುಚ್ಚಳವನ್ನು ಅದಕ್ಕೆ ತಕ್ಕ ಮಡ್‌ಗಾರ್ಡಿನೊಡನೆ ಇನ್ನೊಂದು ಸಲ ಪ್ರಯತ್ನಿಸಿ ನೋಡಿದ್ದರೆ ನನಗೂ ಸಂತೋಷವಾಗುತ್ತಿತ್ತು.

ಅಳಿಯ — ನನ್ನ ಅಭ್ಯಾಸದ ಕೆಲಸಕ್ಕೆ ಅದನ್ನೇ ತೆಗೆದುಕೊಳ್ಳುತ್ತೇನೆ. 2005ರ ಮುಚ್ಚಳಕ್ಕೆ ಬದಲಾಗಿ 2001ರದನ್ನೇ ಇಟ್ಟುಕೊಂಡು ಮಡ್‌ಗಾರ್ಡನ್ನು ಹೊಸದಾಗಿ ಬರೆದರೆ ಏನಾಗುತ್ತಿತ್ತೆಂದು ಜೇಡಿಮಣ್ಣಿನಲ್ಲಿ ಮಾಡಿ ತೋರಿಸುತ್ತೇನೆ.

ಮಾವ — ಮಾಡು. ಹಿಂದಿನ ಬಾಗಿಲಿನ ಅಂಚಿನಿಂದ ಮೊದಲುಮಾಡು, ಬಾಗಿಲನ್ನು ಮಾತ್ರ ಮುಟ್ಟಬೇಡ. ಮತ್ತು ಮಡ್‌ಗಾರ್ಡಿನ ಬಾಗು ಎಷ್ಟು ಆಳವಾಗುತ್ತದೆಂದು ನನಗೊಮ್ಮೆ ತೋರಿಸು, ಆ ತಗಡು ಹರಿಯದೆ ಎಳೆಯಲು ಬಂದೀತೋ ಇಲ್ಲವೋ ನಾನು ಹೇಳುತ್ತೇನೆ.